ನುಂಗುವ ಸದ್ದು

ಜೂನ್ 8

ಪ್ರೀತಿಯ ಅಕ್ಕ,

ಮೊನ್ನೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂದೆನಲ್ಲ, ಅದು ಸುಳ್ಳು. ಫೋನು ಇರುವುದು ನಡುಮನೆಯಲ್ಲಿ, ಅದರ ಪಕ್ಕದ ಕುರ್ಚಿಯಲ್ಲಿ ಇರುವುದು ನನ್ನ ಅತ್ತೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಕರೆಗಳನ್ನು ಜೋಡಿಸಿದ ಹೆಂಗಸು. ಕೆಲಸದಿಂದ ನಿವೃತ್ತಿಯಾಗಿದೆ, ಕಿವಿಗೆ ಇನ್ನೂ ಆಗಿಲ್ಲ. ನಿನ್ನ ಹಾಸ್ಟೆಲಿನ ಫೋನಿನ ಗತಿಯೂ ಅಷ್ಟೇ, ವಾರ್ಡನ್ ಆದ ನೀನು ಫೋನ್ ಎತ್ತಿದರೆ ಹುಡುಗಿಯರೆಲ್ಲ ಕಾರಿಡಾರಿನಲ್ಲಿ ಸಾಲಾಗಿ ನಿಲ್ಲುತ್ತಾರೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಈ ಪತ್ರ.

ಕೂಸಿಗೆ ಇವತ್ತಿಗೆ ಆರು ದಿನ. ಮೊಲೆ ಹಿಡಿಯುತ್ತಿಲ್ಲ, ಅಕ್ಕ. ತೊಟ್ಟಿನ ತುದಿಯನ್ನಷ್ಟೇ ಬಾಯಿಗೆ ಹಾಕಿಕೊಂಡು ನಾಲ್ಕು ಸಲ ಚೀಪಿ, ಬಿಟ್ಟು, ಅಳುತ್ತಾಳೆ. ಚೀಪುವಾಗ ಕೆನ್ನೆ ಒಳಗೆ ಗುಳಿಬೀಳುತ್ತದೆ, ನಾಲಿಗೆ ಲೊಚ್ ಲೊಚ್ ಅನ್ನುತ್ತದೆ. ನನ್ನ ಎರಡೂ ತೊಟ್ಟು ಬಿರಿದಿವೆ. ಅವಳು ಹಿಡಿದ ಕೂಡಲೇ ಬಾಗಿಲ ಸಂದಿಗೆ ಬೆರಳು ಸಿಕ್ಕಿದ ಹಾಗಾಗಿ ಕಾಲ್ಬೆರಳೆಲ್ಲ ಮಡಚಿಕೊಳ್ಳುತ್ತವೆ.

ನೀನು ಹೇಗೆ ಮಾಡುತ್ತಿದ್ದೆಯೋ ಹಾಗೇ ಮಾಡುತ್ತಿದ್ದೇನೆ. ನಿನ್ನ ಮಗ ಹುಟ್ಟಿದಾಗ ನನಗೆ ಹನ್ನೆರಡು. ನೀನು ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ, ಅಮ್ಮ ಹೊರಗೆ ಸ್ಟೂಲಿನ ಮೇಲೆ ಕಾವಲು ಕೂರುತ್ತಿದ್ದಳು. "ಹಾಲು ಕುಡಿಸೋವಾಗ ಯಾರ ಕಣ್ಣೂ ಬೀಳಬಾರ್ದು" ಅನ್ನುತ್ತಿದ್ದಳು. ನಾನೂ ಚಿಲಕ ಹಾಕಿಕೊಳ್ಳುತ್ತೇನೆ. ಅಮ್ಮ ಇಲ್ಲ, ಕಾವಲಿಲ್ಲ. ಸ್ಟೂಲಿನ ಜಾಗದಲ್ಲಿ ಅತ್ತೆ ನಿಂತಿರುತ್ತಾರೆ. ಬಾಗಿಲ ಕೆಳಗಿನ ಸಂದಿಯಲ್ಲಿ ಅವರ ಚಪ್ಪಲಿಯ ನೆರಳು ಕಾಣುತ್ತದೆ. ಹತ್ತು ನಿಮಿಷ, ಹದಿನೈದು ನಿಮಿಷ, ಅಲ್ಲಾಡುವುದಿಲ್ಲ.

ಏಳು ವರ್ಷ ರೈಲಿನಲ್ಲಿ ಟಿಕೆಟ್ ಕೇಳಿದವಳು ನಾನು. ಟಿಕೆಟಿಲ್ಲದವನನ್ನು ಬೋಗಿಯ ಆ ತುದಿಯಿಂದಲೇ ಗುರುತಿಸುತ್ತೇನೆ. ನಾನು ಹೊರಗೆ ಬಂದಾಗ ಅತ್ತೆಯ ಮುಖದಲ್ಲಿ ಅದೇ ಕಳೆ. ಏನೋ ಹೇಳಲು ಬಾಯಿ ತೆರೆದು, ನುಂಗಿಕೊಂಡು, ಅಡುಗೆಮನೆಗೆ ಹೋಗುತ್ತಾರೆ. ನಮ್ಮ ಯಜಮಾನರಿಗೆ ಹೇಳೋಣವೆಂದರೆ ಅವರು ಗೂಡ್ಸ್ ರೈಲಿನ ಗಾರ್ಡ್, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು.

ಒಂದೂವರೆ ವರ್ಷ ಕುಡಿಸಿದವಳು ನೀನು. ಏನು ಮಾಡಲಿ, ಬೇಗ ಬರಿ.

ನಿನ್ನ ಚೂಟಿ


ಜೂನ್ 10

ಚೂಟಿ,

ಪತ್ರ ಬಂದ ಅರ್ಧ ಗಂಟೆಯಲ್ಲೇ ಬರೆಯಲು ಕೂತಿದ್ದೇನೆ. ಪರೀಕ್ಷೆಯ ಕಾಲ, ಇಲ್ಲವಾಗಿದ್ದರೆ ಓಡಿ ಬರುತ್ತಿದ್ದೆ. ನಲವತ್ತೆಂಟು ಹುಡುಗಿಯರನ್ನು ಬಿಟ್ಟು ಒಂದು ದಿನ ಹೋದರೂ ಇಲ್ಲಿ ಗೋಡೆ ಮಾತ್ರ ಉಳಿಯುತ್ತದೆ.

ಮೊದಲು ಮುಖ್ಯವಾದದ್ದು. ನೀನು ಮೆತ್ತಗಿದ್ದರೆ ಕೂಸು ಹಟ ಮಾಡುತ್ತದೆ. ಒಂದು ಕೈಯಲ್ಲಿ ತಲೆಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದು ಎದೆಗೆ ಒತ್ತು. ಇನ್ನೊಂದು ಕೈಯಲ್ಲಿ ತೊಟ್ಟನ್ನು ಬಾಯಿಗೆ ತುರುಕು. ಅತ್ತರೆ ಅಳಲಿ. ನೋವಿಗೆ ಹೆದರಬೇಡ, ನನಗೂ ನೋಯುತ್ತಿತ್ತು, ಹತ್ತು ದಿನದಲ್ಲಿ ಸರಿಹೋಯಿತು.

ಇನ್ನು ನಿಮ್ಮತ್ತೆ. ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುವವರನ್ನು ಹದಿನೆಂಟು ವರ್ಷದಿಂದ ನೋಡುತ್ತಿದ್ದೇನೆ. ಸುಮ್ಮನೆ ಯಾರೂ ನಿಲ್ಲುವುದಿಲ್ಲ. ನೀನು ಸ್ನಾನಕ್ಕೆ ಹೋದಾಗ ಕೂಸು ಯಾರ ಕೈಯಲ್ಲಿರುತ್ತದೆ? ವಾಪಸ್ ಬಂದಾಗ ಬಾಯಿ ಮೂಸಿ ನೋಡು. ಅಡುಗೆಮನೆಯ ಮೇಲಿನ ಕಪಾಟು ತೆಗೆದು ನೋಡು. ಡಬ್ಬಿ ಹಾಲಿನ ರುಚಿ ಹತ್ತಿದ ಕೂಸು ಮೊಲೆ ಹಿಡಿಯುತ್ತದೆಯೇ? ಕೆಲವರಿಗೆ ಸೊಸೆ ಸೋತರೆ ಹೊಟ್ಟೆ ತಣ್ಣಗಾಗುತ್ತದೆ. ಮೊಮ್ಮಗಳು ತನ್ನ ಕೈಯಿಂದಲೇ ಬೆಳೆದಳು ಅಂತ ನಾಳೆ ಹೇಳಿಕೊಳ್ಳಬೇಕಲ್ಲ.

ಚಿಲಕ ಮಾತ್ರ ತೆಗೆಯಬೇಡ. ಯಾರು ತಟ್ಟಿದರೂ ತೆಗೆಯಬೇಡ.

ಅಕ್ಕ


ಜೂನ್ 13

ಅಕ್ಕ,

ನೀನು ಹೇಳಿದ್ದು ನಿಜ. ಕಪಾಟಿನಲ್ಲಿ ಡಬ್ಬಿ ಇದೆ. ಸಕ್ಕರೆ ಪಾತ್ರೆಯ ಹಿಂದೆ, ಮುಖ ಗೋಡೆಗೆ ತಿರುಗಿಸಿ ಇಟ್ಟಿದ್ದಾರೆ. ಸೀಲು ಒಡೆದಿದೆ. ನಿನ್ನೆ ನಾನು ಸ್ನಾನ ಮುಗಿಸಿ ಬಂದಾಗ ಪಾತ್ರೆ ತೊಳೆಯುವ ಕಡೆ ಒಂದು ಪುಟ್ಟ ಚಮಚ ಒದ್ದೆಯಾಗಿತ್ತು, ಕೂಸು ಅತ್ತೆಯ ಭುಜದ ಮೇಲೆ ನಿದ್ದೆಮಾಡುತ್ತಿತ್ತು. ಬಾಯಿ ಮೂಸಿದೆ. ಸಿಹಿ ವಾಸನೆ. ಚಮಚವನ್ನು ಎತ್ತಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಬೇಕಾಗುತ್ತದೆ. ಅವರು ನಿನ್ನೆಯಿಂದ ಆ ಚಮಚವನ್ನು ಹುಡುಕುತ್ತಿದ್ದಾರೆ. ಏನು ಹುಡುಕುತ್ತಿದ್ದೀರಿ ಅಂತ ಕೇಳಿದೆ. "ಏನಿಲ್ಲಮ್ಮ" ಅಂದರು.

ಇನ್ನೊಂದಿದೆ. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಒಂದೊಂದು ದಿನದ ಚೌಕದೊಳಗೂ ಪೆನ್ಸಿಲ್ ಗೀಟು ಎಳೆದಿದ್ದಾರೆ. ಕೂಸು ಹುಟ್ಟಿದಾಗಿನಿಂದ ಶುರು. ಒಂದು ದಿನ ನಾಲ್ಕು, ಒಂದು ದಿನ ಮೂರು, ನಿನ್ನೆ ಎರಡೇ. ನಾನು ಎಷ್ಟು ಸಲ ಸೋತೆ ಅಂತ ಲೆಕ್ಕ ಇಡುತ್ತಿದ್ದಾರಾ? ನನ್ನನ್ನು ನೋಡಿದ ಕೂಡಲೇ ಬಾಗಿಲನ್ನು ಗೋಡೆಗೆ ಒರಗಿಸಿ ಕ್ಯಾಲೆಂಡರ್ ಮರೆಮಾಡುತ್ತಾರೆ.

ಇವತ್ತು ಕೂಸನ್ನು ತೂಗಿಸಿದೆವು. ಹುಟ್ಟಿದಾಗ ಮೂರು ಕೆಜಿ ನೂರು ಗ್ರಾಂ ಇತ್ತು. ಈಗ ಎರಡು ಮುಕ್ಕಾಲು. ಡಾಕ್ಟರಮ್ಮ ನನ್ನ ಮುಖ ನೋಡದೆ ಚೀಟಿಯ ಮೇಲೆ ಬರೆದರು. ಇಪ್ಪತ್ತನೇ ತಾರೀಖು ಮತ್ತೆ ತರಬೇಕು, ಅಷ್ಟರಲ್ಲಿ ಏರದಿದ್ದರೆ ಅಥವಾ ಇನ್ನೂ ಮಂಕಾದರೆ ದಾಖಲು ಮಾಡಿಕೊಳ್ಳುತ್ತಾರೆ. ಅಲ್ಲೊಬ್ಬ ನರ್ಸ್ ಹಾಲು ಕುಡಿಸುವುದನ್ನು ತೋರಿಸು ಅಂದಳು. ಅಷ್ಟು ಜನರ ಎದುರಿಗೆ ನಮ್ಮಲ್ಲಿ ಕುಡಿಸುವುದಿಲ್ಲ ಅಂದೆ. ಅತ್ತೆ ಏನೋ ಹೇಳಹೊರಟರು, ನಾನು ತಿರುಗಿ ನೋಡಿದೆ, ಸುಮ್ಮನಾದರು.

ನೀನು ಹೇಳಿದ ಹಾಗೆ ತಲೆ ಹಿಡಿದು ಒತ್ತುತ್ತಿದ್ದೇನೆ. ಒತ್ತಿದಷ್ಟೂ ಬೆನ್ನು ಹಿಂದಕ್ಕೆ ಬಾಗಿಸಿ ನನ್ನನ್ನು ತಳ್ಳುತ್ತಾಳೆ. ಈಗೀಗ ಎದೆಯ ಹತ್ತಿರ ತಂದರೇ ಅಳು. ನನ್ನ ಮಗುವಿಗೆ ನಾನೇ ಬೇಡವಾದೆನಾ ಅಕ್ಕ?

ಸರಿಯಾಗಿ ಬಿಡಿಸಿ ಬರಿ. ನಿನ್ನ ಮಗ ಬಾಯಿ ಎಷ್ಟು ತೆರೆಯುತ್ತಿದ್ದ? ನೀನು ಯಾವ ಕೈಯಲ್ಲಿ ಹಿಡಿಯುತ್ತಿದ್ದೆ? ತೊಟ್ಟು ಮೊದಲು ಎಲ್ಲಿ ತಾಗುತ್ತಿತ್ತು? ಹೊಟ್ಟೆ ತುಂಬಿತು ಅಂತ ನಿನಗೆ ಹೇಗೆ ಗೊತ್ತಾಗುತ್ತಿತ್ತು?

ಚೂಟಿ


ಜೂನ್ 15

ಚೂಟಿ,

ಡಬ್ಬಿ ಸಿಕ್ಕಿತಲ್ಲ, ಇನ್ನೇನು ಬೇಕು? ಕೂಸನ್ನು ಅವರ ಕೈಗೆ ಕೊಡಲೇಬೇಡ. ಸ್ನಾನಕ್ಕೆ ಹೋದರೂ ಬಚ್ಚಲ ಬಾಗಿಲಲ್ಲಿ ಬುಟ್ಟಿಯಲ್ಲಿ ಮಲಗಿಸಿಕೊ. ನಿನ್ನ ಗಂಡ ಬಂದ ದಿನವೇ ಡಬ್ಬಿ, ಚಮಚ, ಕ್ಯಾಲೆಂಡರ್ ಮೂರನ್ನೂ ಮುಂದಿಟ್ಟು ಮಾತಾಡು.

ಹೇಗೆ ಹಿಡಿಯುತ್ತಿದ್ದೆ, ಎಲ್ಲಿ ತಾಗುತ್ತಿತ್ತು ಅಂತೆಲ್ಲ ಹದಿನಾರು ವರ್ಷದ ಹಿಂದಿನದನ್ನು ಕೇಳಿದರೆ ಏನು ಹೇಳಲಿ? ತಾಯಿಗೆ ತಾನಾಗಿಯೇ ಬರುತ್ತದೆ. ಮೂರು ತಿಂಗಳು ನೋಯುತ್ತದೆ, ಸಹಿಸಬೇಕು, ನಾನು ಸಹಿಸಲಿಲ್ಲವಾ.

ಇಲ್ಲಿ ಮೇಲಿನ ಮಹಡಿಯಲ್ಲಿ ನೀರಿನ ಪೈಪು ಒಡೆದಿದೆ. ಹೆಚ್ಚು ಬರೆಯಲು ಪುರಸೊತ್ತಿಲ್ಲ.

ಅಕ್ಕ


ಜೂನ್ 16

ಚೂಟಿ,

ನಿನ್ನೆ ಹಾಕಿದ ಪತ್ರ ಹರಿದುಹಾಕು. ಅದರ ಹಿಂದಿನದನ್ನೂ.

ಇವತ್ತು ನಿಮ್ಮನೆಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿಮ್ಮತ್ತೆ ಎತ್ತಿದರು. "ಹಲೋ, ಯಾರು ಬೇಕಿತ್ತು" ಅಂದರು. ನನ್ನ ಹಿಂದೆ ಹನ್ನೊಂದು ಹುಡುಗಿಯರು ನಿಂತಿದ್ದರು. ಅವರೆದುರು ಹೇಳಲಾಗದೆ ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ. ಅರ್ಜೆಂಟ್ ಅಂಚೆಗೆ ಹಾಕುತ್ತೇನೆ, ಬೇಗ ಮುಟ್ಟಲಿ.

ನಾನು ಒಂದೂವರೆ ವರ್ಷ ಹಾಲು ಕುಡಿಸಲಿಲ್ಲ. ಕುಡಿಸಿದ್ದು ಆರು ದಿನ.

ನನ್ನ ಮಗನೂ ನಿನ್ನ ಮಗಳ ಹಾಗೇ ತುದಿಯನ್ನಷ್ಟೇ ಹಿಡಿಯುತ್ತಿದ್ದ. ತಲೆ ಒತ್ತು ಅಂತ ಅಮ್ಮ ಹೇಳಿದಳು, ಒತ್ತಿದೆ. ರಕ್ತ ಬಂತು. ಅವನು ನನ್ನ ಎದೆ ಕಂಡರೇ ಕಿರುಚುತ್ತಿದ್ದ. ಏಳನೇ ದಿನ ಅಮ್ಮ ಡಬ್ಬಿ ಹಾಲು, ಬಾಟಲಿ ತಂದಳು. ಸೆರಗಿನಡಿ ಬಚ್ಚಿಟ್ಟುಕೊಂಡು ತಂದಳು. "ಹಾಲು ಬರಲಿಲ್ಲ ಅಂತ ಗೊತ್ತಾದ್ರೆ ಅತ್ತೆ ಮನೆಯೋರು ಜೀವನಪೂರ್ತಿ ಆಡ್ಕೊಳ್ತಾರೆ. ಯಾರಿಗೂ ಹೇಳ್ಬೇಡ" ಅಂದಳು. ಚಿಲಕ ಹಾಕುತ್ತಿದ್ದದ್ದು ಆ ಬಾಟಲಿಗಾಗಿ. ಅಮ್ಮ ಸ್ಟೂಲ್ ಹಾಕಿಕೊಂಡು ಕಾಯುತ್ತಿದ್ದದ್ದೂ ಅದನ್ನೇ. ಆಮೇಲೆ ಬಂದುಹೋದವರಿಗೆಲ್ಲ ನನ್ನ ಮಗಳು ಹಾಲುಹೊಳೆ ಅಂತ ಹೇಳಿಕೊಂಡು ತಿರುಗಿದಳು. ನಾನು ತಲೆಯಾಡಿಸಿದೆ. ತಲೆಯಾಡಿಸುತ್ತಾ ಹದಿನಾರು ವರ್ಷವಾಯಿತು. ಹುಡುಗ ಚೆನ್ನಾಗಿಯೇ ಬೆಳೆದ, ನನಗಿಂತ ಎತ್ತರ ಇದ್ದಾನೆ. ಆದರೂ ಯಾರಾದರೂ ಕೂಸಿಗೆ ಕುಡಿಸುವುದನ್ನು ಕಂಡರೆ ನಾನು ಇವತ್ತಿಗೂ ಎದ್ದು ಬೇರೆ ಕಡೆ ಹೋಗುತ್ತೇನೆ.

ನೀನು ಕೇಳಿದಾಗ ನನಗೆ ಗೊತ್ತಿಲ್ಲ ಅನ್ನಬೇಕಿತ್ತು. ಅನ್ನಲಾಗಲಿಲ್ಲ. ನಿನಗೆ ಹೇಳಿಕೊಟ್ಟದ್ದು ನಾನು ಸೋತ ರೀತಿಯನ್ನೇ, ಅದೊಂದೇ ನನಗೆ ಗೊತ್ತಿರುವುದು. ನಿಮ್ಮತ್ತೆಯ ಮೇಲೆ ಹಾಕಿದ್ದೆಲ್ಲ ಬರೀ ಊಹೆ. ನೀನು ಅವರನ್ನು ಅನುಮಾನಿಸುತ್ತಿದ್ದರೆ ನನ್ನ ಕಡೆ ತಿರುಗುವುದಿಲ್ಲವಲ್ಲ ಅಂತ ಸಮಾಧಾನವಿತ್ತು. ಎಷ್ಟು ಹೊಲಸು ನೋಡು.

ಚಿಲಕ ತೆಗಿ. ನರ್ಸ್ ಆದರೂ ಸರಿ, ನಿಮ್ಮತ್ತೆ ಆದರೂ ಸರಿ, ಗೊತ್ತಿದ್ದವರು ಯಾರಾದರೂ ನೋಡಲಿ. ಅಲ್ಲಿಯ ತನಕ ಡಬ್ಬಿ ಹಾಲು ಬೇಕಾದರೆ ಕೊಡು. ಕೂಸಿಗಿಂತ ಯಾರ ಮಾನವೂ ದೊಡ್ಡದಲ್ಲ.

ಅಕ್ಕ


ಜೂನ್ 17

ಅಕ್ಕನಿಗೆ,

ಹದಿನೈದನೆಯ ತಾರೀಖಿನ ಪತ್ರ ಬೆಳಿಗ್ಗೆ ಬಂತು. ಅದರ ಮಾತು ಆಮೇಲೆ. ಮೊದಲು ಇವತ್ತಿನದು.

ಹನ್ನೊಂದು ಗಂಟೆಗೆ ಎಂದಿನಂತೆ ಚಿಲಕ ಹಾಕಿಕೊಂಡು ಕೂತಿದ್ದೆ. ಕೂಸಿಗೆ ಅಳುವಷ್ಟೂ ತ್ರಾಣವಿರಲಿಲ್ಲ, ಎರಡು ಸಲ ಚೀಪಿ ಕಣ್ಣುಮುಚ್ಚಿತು. ಹೊರಗೆ ಚಪ್ಪಲಿಯ ನೆರಳು. ಬಾಗಿಲು ತಟ್ಟಿದರು.

"ಚಿಲಕ ತೆಗಿಯಮ್ಮ. ಒಳಗೆ ನುಂಗೋ ಸದ್ದೇ ಇಲ್ಲ."

ಚಿಲಕ ತೆಗೆದೆ. ಜಗಳಕ್ಕೇ ತೆಗೆದದ್ದು. ಚೀಲದಿಂದ ಚಮಚ ಎತ್ತಿ ಅವರ ಮುಖದೆದುರು ಹಿಡಿದೆ. ಇದೇನು ಅಂತ ಕೇಳಿದೆ.

"ಆ ಚಮಚ ನಂದೇ. ಶುಕ್ರವಾರ ಡಬ್ಬಿ ಹಾಲು ಕೊಟ್ಟೆ. ಶನಿವಾರ ಒಂದ್ಸಲ, ನಿನ್ನೆ ಒಂದ್ಸಲ. ನಿಂಗೆ ಹೇಳ್ದೆ ಕೊಟ್ಟಿದ್ದು ತಪ್ಪು. ಆದ್ರೆ ಅವತ್ತು ಬೆಳಿಗ್ಗೆಯಿಂದ ಎರಡೇ ಬಟ್ಟೆ ಒದ್ದೆಯಾಗಿತ್ತು. ಒಳಗೆ ಹೋಗಿದ್ರೆ ತಾನೇ ಹೊರಗೆ ಬರೋದು?"

ಕ್ಯಾಲೆಂಡರಿನ ಗೀಟುಗಳು ಅವೇ, ಅಕ್ಕ. ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಯಿತು ಅಂತ. ಇಷ್ಟು ದಿನದ ಕೂಸಿಗೆ ದಿನಕ್ಕೆ ಆರಾದರೂ ಆಗಬೇಕಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೂಗಿದೆ.

"ಹೇಳೋಣ ಅಂದ್ರೆ ಚಿಲಕ. ಚಿಲಕ ತೆಗೆದ್ರೆ ನೀನು ನೋಡೋ ನೋಟ. ನಾನು ಬಾಯಿ ಬಿಟ್ರೆ ಮಗನ ಸಂಸಾರಕ್ಕೆ ಬೆಂಕಿ ಅಂತ ಸುಮ್ನಿದ್ದೆ. ಹೆದರ್ಕೊಂಡೆ ಅಂತಾನೇ ಇಟ್ಕೊ" ಅಂದರು. "ಈಗ ಜಗಳ ಸಾಕು. ಕುಡಿಸು, ನೋಡ್ತೀನಿ."

ನೀನು ಹೇಳಿದಂತೆ ತಲೆಯ ಹಿಂದೆ ಕೈಯಿಟ್ಟು ಒತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ನಿನ್ನ ತಲೆ ಹಿಡಿದು ಯಾರಾದ್ರೂ ತಟ್ಟೆಗೆ ಅದುಮಿದ್ರೆ ಊಟ ಮಾಡ್ತೀಯಾ? ತಲೆ ಬಿಡು. ಕುತ್ತಿಗೆ ಬುಡ, ಹೆಗಲು ಹಿಡಿ. ತಲೆ ಹಿಂದಕ್ಕೆ ವಾಲೋಕೆ ಜಾಗ ಇರ್ಲಿ. ಹೊಟ್ಟೆಗೆ ಹೊಟ್ಟೆ ತಾಗ್ಲಿ. ಬಾಯಲ್ಲ, ಮೂಗು ತೊಟ್ಟಿನ ಎದುರಿಗೆ ಬರ್ಲಿ. ಹಾಂ. ಮೇಲ್ತುಟಿಗೆ ಸವರು. ತುರುಕಬೇಡ. ಕಾಯಿ."

ಕಾದೆ. ಕೂಸು ಬಾಯಿ ಸ್ವಲ್ಪ ತೆರೆಯಿತು. ನಾನು ಹಾಕಿಬಿಟ್ಟೆ. ಮತ್ತೆ ಅದೇ ನೋವು.

"ಆತುರ ಮಾಡ್ಬಿಟ್ಟೆ. ಬಿಡಿಸು. ಎಳೀಬೇಡ, ಬಾಯಿ ಮೂಲೇಲಿ ಕಿರುಬೆರಳು ಹಾಕು, ತಾನೇ ಬಿಡುತ್ತೆ. ಆಕಳಿಸೋ ಹಾಗೆ ದೊಡ್ಡದಾಗಿ ತೆಗೀಬೇಕು. ಆಗ ಅವಳನ್ನ ನಿನ್ನ ಹತ್ರ ತರ್ಬೇಕು. ನೀನು ಬಗ್ಗಿ ಅವಳ ಹತ್ರ ಹೋಗೋದಲ್ಲ. ಗಲ್ಲ ಮೊದಲು ತಾಗ್ಬೇಕು."

ಎರಡನೇ ಸಲವೂ ಆಗಲಿಲ್ಲ, ಮೂರನೇ ಸಲವೂ. ನನಗೆ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ, ಕಾಯಿ ಅಂದರು. ನಾಲ್ಕನೇ ಸಲ ಕೂಸು ಬಾಯಿ ಪೂರ್ತಿ ತೆರೆದಾಗ "ಈಗ" ಅಂದರು. ಗಲ್ಲ ಎದೆಗೆ ಒತ್ತಿತು, ಕೆಳತುಟಿ ಹೊರಕ್ಕೆ ಮಡಚಿಕೊಂಡಿತು, ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಕಾಲ್ಬೆರಳು ಮಡಚಿಕೊಂಡು ಕಾದೆ. ಮೊದಲು ಸ್ವಲ್ಪ ಚುರುಕ್ ಅಂದಿತು, ಆಮೇಲೆ ಸೆಳೆತ ಮಾತ್ರ, ನೋವಿಲ್ಲ.

ಅತ್ತೆ ಕುರ್ಚಿ ತಿರುಗಿಸಿ ಗೋಡೆಗೆ ಮುಖಮಾಡಿ ಕೂತರು. ಯಾಕೆ ಅಂದೆ. "ನೋಡಿ ಆಯ್ತು, ಇನ್ನು ಕೇಳ್ಬೇಕು. ಸುಮ್ನಿರು" ಅಂದರು. ಕಣ್ಣು ಮುಚ್ಚಿದ್ದರು. ಲೊಚ್ ಲೊಚ್ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸಿನ ಗಂಟಲಲ್ಲಿ ಮೆಲ್ಲಗೆ ಕ್ಕ ಅಂದಿತು. ಮತ್ತೆ ಕ್ಕ. ಅತ್ತೆ ಒಂದೊಂದಕ್ಕೂ ಬೆರಳು ಮಡಚಿದರು. ಹತ್ತು ಬೆರಳು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇದನ್ನೆಲ್ಲ ಎಲ್ಲಿ ಕಲಿತಿರಿ ಅಂದೆ. ಎಕ್ಸ್‌ಚೇಂಜಿನ ವಿಶ್ರಾಂತಿ ಕೋಣೆಯಲ್ಲಂತೆ. ಕೆಲಸದ ಹೆಂಗಸರ ಕೂಸುಗಳನ್ನು ಮನೆಯವರು ಅಲ್ಲಿಗೇ ತಂದು ಕೊಡುತ್ತಿದ್ದರಂತೆ. ಹದಿನೈದು ನಿಮಿಷದ ಬಿಡುವು, ಒಂದೇ ಬೆಂಚು, ಇವರ ಕೈಯನ್ನು ಅವರು ಸರಿಮಾಡಿ, ಅವರದನ್ನು ಇವರು ಸರಿಮಾಡಿ. ಆಮೇಲೆ ಅವರು ನನ್ನನ್ನು ಕೇಳಿದರು, "ತಲೆ ಒತ್ತೋದು ಯಾರು ಹೇಳ್ಕೊಟ್ರು?"

ನಮ್ಮಕ್ಕ, ಒಂದೂವರೆ ವರ್ಷ ಕುಡಿಸಿದ್ದಾಳೆ ಅಂದೆ. ಅವರು ಒಗೆದ ಬಟ್ಟೆ ಮಡಚುತ್ತಾ ಕೂತರು. ಆ ಸುಮ್ಮನಿದ್ದದ್ದೇ ನನ್ನ ತಲೆ ಕೆಡಿಸಿತು.

ನಿನ್ನ ಎರಡೂ ಪತ್ರ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೇನೆ. ಒಂದರಲ್ಲಿ ನೋವು ಹತ್ತು ದಿನ. ಇನ್ನೊಂದರಲ್ಲಿ ಮೂರು ತಿಂಗಳು. ನಾಲ್ಕು ಪ್ರಶ್ನೆ ಕೇಳಿದೆ, ಒಂದಕ್ಕೂ ಉತ್ತರವಿಲ್ಲ, ಬದಲಿಗೆ ನೀರಿನ ಪೈಪು. ಸಿಕ್ಕಿಬಿದ್ದವರು ಹೀಗೇ ಬೇರೆ ಮಾತು ತೆಗೆಯುತ್ತಾರೆ, ದಿನಾ ನೋಡುತ್ತೇನೆ. ನನ್ನ ಮಗಳು ಸೊರಗುತ್ತಿದ್ದಾಳೆ ಅಂತ ಗೊತ್ತಿದ್ದೂ ಮತ್ತೆ ಅದನ್ನೇ ಮಾಡು ಅಂತ ಬರೆದೆಯಲ್ಲ, ಯಾಕೆ? ನಾನು ಸೋಲಲಿ ಅಂತ ನಿನಗಿದೆಯಾ? ನಿನ್ನೆ ಯಾರೋ ಮೂರು ಸಲ ಫೋನ್ ಮಾಡಿ ಇಟ್ಟರು. ಹಿಂದುಗಡೆ ಹುಡುಗಿಯರು ನಗುವುದು ಕೇಳಿಸಿತು ಅಂತ ಅತ್ತೆ ಹೇಳಿದರು. ಅದು ನೀನಾ? ನನ್ನ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಪತ್ತೆ ಮಾಡುತ್ತಿದ್ದೀಯಾ?

ಇದಕ್ಕೆ ಉತ್ತರ ಬರೆಯದಿದ್ದರೆ ಇನ್ನು ಬರೆಯುವುದೇ ಬೇಡ.

ಚೂಟಿ


ಜೂನ್ 21

ಅಕ್ಕ,

ನಿನ್ನ ಹದಿನಾರನೆಯ ತಾರೀಖಿನ ಪತ್ರ ನನ್ನದನ್ನು ಅಂಚೆಗೆ ಹಾಕಿದ ಮರುದಿನ ಬಂತು. ನನ್ನದು ನಿನಗೆ ಹತ್ತೊಂಬತ್ತಕ್ಕೆ ತಲುಪಿರಬೇಕು. ಎರಡು ದಿನ ನಿನ್ನಿಂದ ಏನೂ ಬಂದಿಲ್ಲ. ನಾನೂ ಬರೆಯಲಿಲ್ಲ. ಸಿಟ್ಟಿತ್ತು, ಅದಕ್ಕೇ. ಈಗಲೂ ಇದೆ. ನಿನ್ನ ಸುಳ್ಳಿಗಲ್ಲ. ಕೂಸಿನ ತೂಕ ಓದಿದ ಮೇಲೂ ಒಂದು ದಿನ ಸುಮ್ಮನಿದ್ದೆಯಲ್ಲ, ಆ ಒಂದು ದಿನಕ್ಕೆ.

ನಿನ್ನೆ ತೂಗಿಸಿದೆವು. ಎರಡು ಕೆಜಿ ಎಂಟುನೂರ ತೊಂಬತ್ತು. ಹುಟ್ಟಿದ ತೂಕ ಇನ್ನೂ ಮುಟ್ಟಿಲ್ಲ, ಆದರೆ ದಾಖಲು ಮಾಡಬೇಕಾಗಿಲ್ಲ ಅಂದರು. ವಾರ ಬಿಟ್ಟು ಮತ್ತೆ ತೋರಿಸಬೇಕು. ಡಾಕ್ಟರಮ್ಮ ಈ ಸಲ ನನ್ನ ಮುಖ ನೋಡಿದರು. ಅಲ್ಲೇ ಬೆಂಚಿನ ಮೇಲೆ ಕೂತು ಆ ನರ್ಸ್ ಎದುರಿಗೇ ಕುಡಿಸಿದೆ. ಎಡಗಡೆ ಇನ್ನೂ ಸರಿಯಾಗಿ ಹಿಡಿಯುವುದಿಲ್ಲ, ಮೂರು ನಾಲ್ಕು ಸಲ ಬಿಡಿಸಿ ಹಾಕಬೇಕು. ಸಂಜೆ ಒಂದು ಸಲ ಡಬ್ಬಿ ಹಾಲನ್ನೂ ಕೊಡುತ್ತಿದ್ದೇವೆ, ಅತ್ತೆಯಲ್ಲ, ನಾನೇ ಕೊಡುತ್ತೇನೆ. ನಿನ್ನೆ ಏಳು ಬಟ್ಟೆ ಒದ್ದೆ.

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಫೋನ್ ಮಾಡಿ ಇಟ್ಟದ್ದು ನಮ್ಮಕ್ಕ ಅಂದೆ, ಅಷ್ಟೇ. "ಗೊತ್ತು. ಮೂರನೇ ಸಲ ಅಳ್ತಾ ಇದ್ಲು. ಏನಾದ್ರೂ ಹೇಳ್ತಾಳೇನೋ ಅಂತ ನಾನು ಇಡ್ದೆ ಕಾಯ್ತಾ ಇದ್ದೆ. ಅವಳೇ ಇಟ್ಟುಬಿಟ್ಲು. ಪರೀಕ್ಷೆ ಮುಗಿದ ಮೇಲೆ ಬರೋಕೆ ಹೇಳು" ಅಂದರು. ಬಾ. ಜಗಳವಾಡುವುದಿದ್ದರೆ ಎದುರೆದುರೇ ಆಡೋಣ.

ನಿನ್ನ ಪತ್ರ ಓದಿದಾಗಿನಿಂದ ಒಂದು ವಿಷಯ ನನ್ನನ್ನು ಕೂರಲು ಬಿಡುತ್ತಿಲ್ಲ. ಎಲ್ಲರನ್ನೂ ಅನುಮಾನಿಸಿದೆ, ಅತ್ತೆಯನ್ನು, ನಿನ್ನನ್ನು, ಕೊನೆಗೆ ಹಾಲುಗಲ್ಲದ ಕೂಸನ್ನೂ. ನನ್ನನ್ನು ಮಾತ್ರ ಕೇಳಿಕೊಳ್ಳಲಿಲ್ಲ. ನೀನು ಕುಡಿಸಿದ ಆ ಆರು ದಿನಗಳಲ್ಲಿ ಒಂದು ಮಧ್ಯಾಹ್ನ ಅಮ್ಮ ಎಲ್ಲಿಗೋ ಹೋಗಿದ್ದಳು. ನಾನು ನಿನ್ನ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ. ಒಳಗೆ ಅಳು ಕೇಳಿಸಿತು. ಮಗು ಅಳುತ್ತಿದೆ ಅಂತ ಅಂದುಕೊಂಡೆ ಅಂತಲೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ. ಅದು ನೀನು ಅಂತ ನನಗೆ ಗೊತ್ತಿತ್ತು, ಅಕ್ಕ. ಗೊತ್ತಿದ್ದೂ ಬಾಗಿಲು ತಟ್ಟದೆ ಆಟಕ್ಕೆ ಹೋದೆ.

ಚೂಟಿ